ತಲೆಬರಹವೂ ಗುರುತೂ

ಮುಂಬಯಿಯ ನಮ್ಮ ಶಾಲೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಎರಡು ಸಂಖ್ಯೆಗಳಿರುವುದನ್ನು ವಾಚಕರು ಬಲ್ಲರು. ಹಾಜರಿ ಪಟ್ಟಿಯ ಸಂಖ್ಯೆ ವರ್ಷವರ್ಷವೂ ಬದಲಾಗುತ್ತದೆ; ಜನರಲ್ ರಜಿಸ್ಟರಿನ ಸಂಖ್ಯೆಯಾದರೋ ಸೇರಿದ ದಿನ ದೊರೆತದ್ದು ಶಾಲೆ ಬಿಡುವವರೆಗೂ ಹಾಗೆಯೇ ಉಳಿಯುತ್ತದೆ. ಹೆಸರನ್ನೇ ನಂಬಿದರೆ ಒಂದೇ ಹೆಸರಿನ ಇಬ್ಬರ ಅಂಕಗಳು ಅದಲುಬದಲಾದಾವು.

ಲಿಯೋ ಎಂಬ ಬರಹ-ಸಂಪಾದಕವನ್ನು ಬಳಸುವಾಗಲೂ ಇದೇ ತೊಡಕು ಎದುರಾಗುತ್ತದೆ. ಎಡ್ವರ್ಡ್ ರೀಮ್ ಎಂಬವರು ಪೈಥಾನ್ ಭಾಷೆಯಲ್ಲಿ ರಚಿಸಿದ ಈ ಕಂಪ್ಯೂಟರ್ ಸಾಧನದಲ್ಲಿ ಬರಹವೆಲ್ಲ ಮರದಂತೆ ಕವಲೊಡೆದು ನಿಲ್ಲುತ್ತದೆ. ಒಂದೊಂದು ಗಿಣ್ಣೂ ಒಂದು ನೋಡ್. ಅದಕ್ಕೊಂದು ತಲೆಬರಹ, ಒಂದು ಒಡಲು. ಪೈಥಾನಿನ ಕಿರು ಸ್ಕ್ರಿಪ್ಟಿನಿಂದ ಈ ನೋಡ್‌ಗಳನ್ನು ತಿದ್ದಬಹುದು.

ಹಿಂದೊಮ್ಮೆ ವಾರ್ಷಿಕ ಸಂಚಿಕೆಯ ಲೇಖನಗಳನ್ನು ಹೀಗೆ ಜೋಡಿಸುತ್ತಿದ್ದಾಗ, ‘ಮುನ್ನುಡಿ’ ಎಂಬ ತಲೆಬರಹವನ್ನು ಹುಡುಕಿ ಅಲ್ಲಿ ತಿದ್ದಿದ ಪ್ರತಿಯನ್ನಿಡುವಂತೆ ಸ್ಕ್ರಿಪ್ಟ್ ಬರೆದೆವು. ಮೊದಲು ಸಿಕ್ಕಿದ ‘ಮುನ್ನುಡಿ’ ಬೇರೆಯದಾಗಿತ್ತು. ಎಂಟನೆಯ ತರಗತಿಯ ಹುಡುಗಿಯೊಬ್ಬಳ ಪ್ರವಾಸ ಕಥನದ ಮೊದಲ ಪುಟವೇ ಅಳಿಸಿಹೋಯಿತು. ಆಕೆ ನೆನಪಿನಿಂದ ಮತ್ತೆ ಬರೆದುಕೊಟ್ಟಳು. ಮೊದಲಿನಂತಾಗಲಿಲ್ಲವೆಂದು ತಾನೇ ಹೇಳಿದಳು.

ಸ್ಥಾನವನ್ನು ಹಿಡಿದು ಹುಡುಕುವುದೂ ಕ್ಷೇಮವಲ್ಲ. ಮೇಲೊಂದು ನೋಡ್ ಸೇರಿದರೆ ಕೆಳಗಿನವುಗಳ ಸ್ಥಾನವೆಲ್ಲ ಜರಗುತ್ತದೆ.

ಆದುದರಿಂದಲೇ ಲಿಯೋ ಪ್ರತಿ ನೋಡ್‌ಗೂ ಜಿಎನ್‌ಎಕ್ಸ್ ಎಂಬ ಗುರುತನ್ನು ಕೊಡುತ್ತದೆ. ಉದಾಹರಣೆಗೆ, ಇಕೆಆರ್.20031218072017.1 ಎಂಬುದನ್ನು ಬಿಡಿಸಿ ಓದೋಣ. ಮೊದಲನೆಯದು ಬರೆದವರ ಸಂಕೇತನಾಮ. ನಡುವಿನದು 2003ರ ಡಿಸೆಂಬರ್ 18, ಬೆಳಗಿನ 7 ಗಂಟೆ 20 ನಿಮಿಷ 17 ಸೆಕೆಂಡು. ಕೊನೆಯದು ಅದೇ ಸೆಕೆಂಡಿನಲ್ಲಿ ಹುಟ್ಟಿದವುಗಳನ್ನು ಬೇರ್ಪಡಿಸುವ ಅಂಕೆ. ತಲೆಬರಹ ಬದಲಾದರೂ, ನೋಡ್ ಬೇರೆ ಕೊಂಬೆಗೆ ಹೋದರೂ ಇದು ಬದಲಾಗದು. ಸ್ಕ್ರಿಪ್ಟಿನಲ್ಲಿ ಈ ಗುರುತನ್ನು ಬರೆದಿಟ್ಟುಕೊಂಡು, ಜಿಎನ್‌ಎಕ್ಸ್‌ಡಿಕ್ಟ್ ಎಂಬ ಕೋಶದಲ್ಲಿ ಕೇಳಿದರೆ ನೋಡ್ ನೇರವಾಗಿ ದೊರೆಯುತ್ತದೆ. ದೊರೆಯದಿದ್ದರೆ ಸ್ಕ್ರಿಪ್ಟ್ ಅಲ್ಲಿಯೇ ನಿಲ್ಲಬೇಕು; ಊಹೆಯಿಂದ ಮುಂದುವರಿಯಕೂಡದು.

ಒಂದು ಸೂಕ್ಷ್ಮವಿದೆ. ಲಿಯೋದಲ್ಲಿ ಒಂದೇ ನೋಡ್ ‘ಕ್ಲೋನ್’ ಆಗಿ ಹಲವೆಡೆ ಕಾಣಿಸಿಕೊಳ್ಳಬಹುದು. ತರಗತಿಯಲ್ಲಿಯೂ ಕಬಡ್ಡಿ ತಂಡದಲ್ಲಿಯೂ ಇರುವ ವಿದ್ಯಾರ್ಥಿಯಂತೆ. ಸ್ಥಾನ ಎರಡು, ಗುರುತು ಒಂದೇ. ಮರವನ್ನೆಲ್ಲ ಸುತ್ತಿ ಪದಗಳನ್ನೆಣಿಸುವ ಸ್ಕ್ರಿಪ್ಟ್, ಕಂಡ ಗುರುತುಗಳನ್ನು ನೆನಪಿಡದಿದ್ದರೆ, ಅದನ್ನು ಎರಡು ಸಲ ಎಣಿಸಿಬಿಡುತ್ತದೆ. ನಕಲು ಮಾಡಿ ಸಾಮಾನ್ಯ ರೀತಿಯಲ್ಲಿ ಅಂಟಿಸಿದ ಪ್ರತಿಯಾದರೋ ಹೊಸ ಗುರುತನ್ನು ಪಡೆಯುತ್ತದೆ.

ಲಿಯೋ ಮೊದಲ ಸಲ ತೆರೆದಾಗ ಸಂಕೇತನಾಮವನ್ನು ಕೇಳುತ್ತದೆ. ಒಂದೇ ಬರಹದ ಮೇಲೆ ಇಬ್ಬರು ದುಡಿಯುವುದಾದರೆ ಇಬ್ಬರೂ ಬೇರೆ ಬೇರೆ ನಾಮವನ್ನು ಕೊಡತಕ್ಕದ್ದು. ಈಗ ನಮ್ಮ ಸಂಪಾದಕ ಮಂಡಲಿಯವರು ಕೆಲಸಕ್ಕೆ ಕೂರುವ ಮುನ್ನ ಮೊದಲು ಇದನ್ನೇ ನೋಡಿಕೊಳ್ಳುತ್ತಾರೆ.