ಪುರಸಭೆಯ ತೀರ್ಮಾನ ಎಲ್ಲಿ, ಯಾವಾಗ?
ವರ್ತಕರು ಅರಿತಿರಬೇಕಾದ ಕಾರ್ಯವಿಧಾನ

ಜೇವರ್ಗಿಯಿಂದ ಹೊರಟು ಚಾಮರಾಜನಗರದವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ, ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರು ಪಟ್ಟಣಗಳನ್ನು ಹಾದುಹೋಗುತ್ತದೆ. ಮೂರೂ ಊರುಗಳ ವ್ಯಾಪಾರ ಬಹುಮಟ್ಟಿಗೆ ಈ ರಸ್ತೆಯನ್ನೇ ಆಶ್ರಯಿಸಿ ಬೆಳೆದಿದೆ. ಅಂಗಡಿಯ ಮುಂದೆ ಮಳೆನೀರು ನಿಂತರೂ, ಬೀದಿದೀಪ ಕೆಟ್ಟರೂ, ರಸ್ತೆ ವಿಸ್ತರಣೆಗೆಂದು ಗೋಡೆಯ ಮೇಲೆ ಗುರುತು ಬಿದ್ದರೂ ವರ್ತಕರು ಮೊದಲು ಹೋಗುವುದು ಪುರಸಭೆ ಅಥವಾ ನಗರಸಭೆಯ ಕಚೇರಿಗೆ. ದೀಪದ ದೂರಿಗೆ ಅಲ್ಲಿ ಉತ್ತರ ದೊರೆಯುತ್ತದೆ. ಹೆದ್ದಾರಿಯ ಅಗಲದ ಪ್ರಶ್ನೆಗೆ ದೊರೆಯುವುದಿಲ್ಲ. ಅದು ಚುನಾಯಿತ ಮಂಡಳಿಯ ಅಧಿಕಾರಕ್ಕೆ ಸೇರಿದ ವಿಷಯವೇ ಅಲ್ಲ. ಇನ್ನು ಮಂಡಳಿಯದೇ ಅಧಿಕಾರವಿರುವ ತೆರಿಗೆ ದರ, ಪರವಾನಗಿ ಶುಲ್ಕ, ಮಳಿಗೆಗಳ ಬಾಡಿಗೆ, ಚರಂಡಿ ಕಾಮಗಾರಿ ಮುಂತಾದ ವಿಷಯಗಳಲ್ಲಿ ವರ್ತಕರು ಸಾಮಾನ್ಯವಾಗಿ ಕಚೇರಿಯ ಮೆಟ್ಟಿಲೇರುವುದು ಠರಾವು ಅಂಗೀಕಾರವಾದ ಮೇಲೆ. ಆಗ ಕೌಂಟರಿನಲ್ಲಿರುವ ಗುಮಾಸ್ತರೊಡನೆ ವಾದಿಸಿ ಪ್ರಯೋಜನವಿಲ್ಲ. ತೀರ್ಮಾನ ಎಲ್ಲಿ ಆಗುತ್ತದೆ, ಯಾವ ತಿಂಗಳಲ್ಲಿ ಆಗುತ್ತದೆ ಎಂಬ ತಿಳಿವಳಿಕೆಗೆ ವ್ಯಾಪಾರದಲ್ಲಿ ರೂಪಾಯಿಯ ಬೆಲೆಯಿದೆ.

ಮಂಡಳಿಯ ಸ್ವರೂಪ

ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಜಿಲ್ಲೆಯು 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಬೇರೆ ಬೇರೆ ಪ್ರಾಂತಗಳಿಂದ ಬಂದ ಪುರಸಭೆಗಳನ್ನು ಒಂದೇ ಕಾನೂನಿನಡಿ ತಂದದ್ದು 1964ರ ಪುರಸಭೆಗಳ ಕಾಯ್ದೆ. ಇಂದು ಕರ್ನಾಟಕ ಪುರಸಭೆಗಳ ಕಾಯ್ದೆ ಎಂಬ ಹೆಸರಿನಲ್ಲಿರುವ ಅದೇ ಕಾಯ್ದೆ ಈ ಮೂರೂ ಪಟ್ಟಣಗಳಿಗೆ ಅನ್ವಯಿಸುತ್ತದೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ಸಂವಿಧಾನದ ಮಾನ್ಯತೆಯನ್ನೂ, 5 ವರ್ಷಗಳ ನಿಶ್ಚಿತ ಅವಧಿಯನ್ನೂ ನೀಡಿತು.

ಕಾಯ್ದೆಯ ಪ್ರಕಾರ 10 ಸಾವಿರದಿಂದ 20 ಸಾವಿರ ಜನಸಂಖ್ಯೆಯ ಊರಿಗೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, ಅದಕ್ಕೂ ಮೇಲೆ 3 ಲಕ್ಷದವರೆಗೆ ನಗರಸಭೆ ಇರುತ್ತದೆ. 2011ರ ಜನಗಣತಿಯಲ್ಲಿ ಸುಮಾರು 75 ಸಾವಿರ ಜನಸಂಖ್ಯೆಯಿದ್ದ ಸಿಂಧನೂರು ನಗರಸಭೆಯಾಗಿದೆ. ಲಿಂಗಸುಗೂರು ಮತ್ತು ಮಸ್ಕಿ ಪುರಸಭೆಗಳು. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ಶಾಸನದಿಂದ ಇತಿಹಾಸಕಾರರಿಗೆಲ್ಲ ಪರಿಚಿತವಾದ ಮಸ್ಕಿಯು ಗ್ರಾಮ ಪಂಚಾಯಿತಿಯ ಆಡಳಿತದಿಂದ ಪುರಸಭೆಯ ಆಡಳಿತಕ್ಕೆ ಬಂದದ್ದು ಮಾತ್ರ ತೀರ ಈಚೆಗೆ. ಅಲ್ಲಿನ ವರ್ತಕರಿಗೆ ತೆರಿಗೆಯ ಲೆಕ್ಕ, ಕಟ್ಟಡ ಪರವಾನಗಿ, ಖಾತೆ ಎಲ್ಲವೂ ಒಮ್ಮೆಗೇ ಬದಲಾದವು.

ಸಿಂಧನೂರಿನಲ್ಲಿ 31, ಲಿಂಗಸುಗೂರು ಹಾಗೂ ಮಸ್ಕಿಗಳಲ್ಲಿ ತಲಾ 23 ವಾರ್ಡುಗಳು. ವಾರ್ಡಿಗೆ ಒಬ್ಬ ಚುನಾಯಿತ ಸದಸ್ಯರು. ಇವರೊಡನೆ ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರೂ ಕೂಡುತ್ತಾರೆ. ಅವರಿಗೆ ಮತದ ಹಕ್ಕಿಲ್ಲ. ಆ ಕ್ಷೇತ್ರದ ಶಾಸಕರಿಗೆ ಮತ್ತು ಲೋಕಸಭಾ ಸದಸ್ಯರಿಗೆ ಮತದ ಹಕ್ಕುಂಟು. ಹೆದ್ದಾರಿ ಒಂದೇ ಆದರೂ ಕ್ಷೇತ್ರ ಒಂದೇ ಅಲ್ಲ: ಸಿಂಧನೂರು ಮತ್ತು ಮಸ್ಕಿ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೂ, ಲಿಂಗಸುಗೂರು ರಾಯಚೂರು ಕ್ಷೇತ್ರಕ್ಕೂ ಸೇರಿವೆ. 23 ಸದಸ್ಯರ ಪುರಸಭೆಯಲ್ಲಿ ಶಾಸಕ, ಸಂಸದರಿಬ್ಬರನ್ನೂ ಸೇರಿಸಿದರೆ 25 ಮತಗಳು. ಬಹುಮತಕ್ಕೆ 13 ಬೇಕು. ಪಕ್ಷಗಳು ಸಮೀಪದ ಬಲ ಹೊಂದಿರುವಲ್ಲಿ ಅಧ್ಯಕ್ಷಗಿರಿಯ ಕೀಲಿಕೈ ಎಷ್ಟೋ ಸಲ ಈ ಎರಡು ಮತಗಳಲ್ಲಿರುತ್ತದೆ.

ಅಧ್ಯಕ್ಷ, ಉಪಾಧ್ಯಕ್ಷರ ಅವಧಿ 30 ತಿಂಗಳು. ಈ ಸ್ಥಾನಗಳು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆ, ಸಾಮಾನ್ಯ ಎಂದು ಸರದಿಯ ಮೇಲೆ ಮೀಸಲಾಗುತ್ತವೆ. ಸರದಿಯ ಪಟ್ಟಿಯನ್ನು ಪ್ರಕಟಿಸುವುದು ರಾಜ್ಯ ಸರ್ಕಾರ. ಇಲ್ಲಿಯೇ ತೊಡಕು ಹುಟ್ಟುತ್ತದೆ.

ಅಧ್ಯಕ್ಷರಿಲ್ಲದ ವರ್ಷಗಳು

2018ರ ಆಗಸ್ಟ್ 31ರಂದು ರಾಜ್ಯದ 105 ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಸಿಂಧನೂರು, ಲಿಂಗಸುಗೂರುಗಳೂ ಅವುಗಳಲ್ಲಿದ್ದವು. ಮಸ್ಕಿಯ ಚುನಾವಣೆ ಪ್ರತ್ಯೇಕವಾಗಿ 2021ರ ಡಿಸೆಂಬರ್‌ನಲ್ಲಿ ನಡೆಯಿತು. 2018ರ ಫಲಿತಾಂಶ ಸೆಪ್ಟೆಂಬರ್ 3ರಂದೇ ಬಂದರೂ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಹೈಕೋರ್ಟಿನ ಮೆಟ್ಟಿಲೇರಿದ್ದರಿಂದ ಮಂಡಳಿಗಳು ಕೂಡಲಿಲ್ಲ. ಪರಿಷ್ಕೃತ ಪಟ್ಟಿ ಹೊರಬಿದ್ದು ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ. ಗೆದ್ದ ಸದಸ್ಯರು ಎರಡು ವರ್ಷ ಅಧಿಕಾರವಿಲ್ಲದೆ ಊರಿನಲ್ಲಿ ಓಡಾಡಿದರು. ಮೊದಲ 30 ತಿಂಗಳು ಮುಗಿದ ಮೇಲೆ ಮತ್ತೆ ಅದೇ ಕಥೆ: 2023ರ ಮಧ್ಯದಲ್ಲಿ ತೆರವಾದ ಸ್ಥಾನಗಳಿಗೆ ಮೀಸಲಾತಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ.

ಐದು ವರ್ಷಗಳ ಅವಧಿಯನ್ನು ಎಣಿಸುವುದು ಮತದಾನದ ದಿನದಿಂದಲ್ಲ, ಮಂಡಳಿಯ ಮೊದಲ ಸಭೆಯಿಂದ. ಆದ್ದರಿಂದ 2018ರಲ್ಲಿ ಆಯ್ಕೆಯಾದ ಮಂಡಳಿಗಳ ಅವಧಿ 2025ರವರೆಗೂ ಚಾಚಿತು. ಏಳು ವರ್ಷಗಳ ಹಿಂದೆ ಮತ ಪಡೆದವರು ಏಳನೆಯ ವರ್ಷದ ಮುಂಗಡಪತ್ರಕ್ಕೂ ಕೈಯೆತ್ತಿದರು ಎಂಬುದು ವಿಚಿತ್ರವಾದರೂ ಕಾನೂನಿಗೆ ಹೊರತಲ್ಲ.

ಮಂಡಳಿ ಇಲ್ಲದಾಗ, ಅಥವಾ ಅಧ್ಯಕ್ಷರ ಸ್ಥಾನ ಖಾಲಿಯಿದ್ದಾಗ, ಸರ್ಕಾರ ನೇಮಿಸಿದ ಆಡಳಿತಾಧಿಕಾರಿ, ಸಾಮಾನ್ಯವಾಗಿ ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ, ಆಡಳಿತ ನಡೆಸುತ್ತಾರೆ. ಇದು ವರ್ತಕರಿಗೆ ಒಳಿತೋ ಕೆಡುಕೋ ಎಂಬ ಬಗ್ಗೆ ಪೇಟೆಯಲ್ಲಿ ಎರಡು ಮಾತಿದೆ. ಕಡತ ಬೇಗ ಸಾಗುತ್ತದೆ ಎನ್ನುವವರಿದ್ದಾರೆ. ಆದರೆ ಹತ್ತಾರು ಜವಾಬ್ದಾರಿಗಳ ನಡುವೆ ಈ ಕೆಲಸವನ್ನೂ ಹೊತ್ತ ಅಧಿಕಾರಿಯ ಮುಂದೆ ವಾರ್ಡಿನ ಚರಂಡಿಯ ವಿಷಯವನ್ನು ಇಡುವವರೇ ಇರುವುದಿಲ್ಲ. ದರ ಹೆಚ್ಚಿಸುವ ಠರಾವಿಗೆ ಸಭೆಯಲ್ಲಿ ವಿರೋಧವೂ ಏಳುವುದಿಲ್ಲ. ಅಂಥ ಅವಧಿಯಲ್ಲಿ ಲಿಖಿತ ಮನವಿಯೊಂದೇ ಉಳಿಯುವ ದಾರಿ.

ಒಂದು ಚರಂಡಿಯ ಪ್ರಯಾಣ

ಸಿಂಧನೂರು ಭತ್ತದ ನಾಡು. ಅಕ್ಕಿ ಗಿರಣಿಗಳು ಅಲ್ಲಿನ ಮುಖ್ಯ ಉದ್ಯಮ. ಗಿರಣಿಗಳಿರುವ ಒಂದು ಒಳರಸ್ತೆಗೆ ಚರಂಡಿ ಬೇಕೆಂದು ಮಾಲೀಕರು ಬಯಸಿದರೆನ್ನೋಣ. ಅವರು ಅಧ್ಯಕ್ಷರಿಗೆ ಹಾರ ಹಾಕಿ ಬಾಯಿಮಾತಿನಲ್ಲಿ ಕೇಳಿಕೊಂಡರೆ ಆಶ್ವಾಸನೆ ದೊರೆಯುತ್ತದೆ, ಚರಂಡಿ ದೊರೆಯುವುದಿಲ್ಲ. ಅಧ್ಯಕ್ಷರು ಸಭೆಯನ್ನು ಕರೆದು ನಡೆಸುವವರು, ಆಡಳಿತದ ಮೇಲೆ ಕಣ್ಣಿಡುವವರು. ಕಾರ್ಯಾಂಗದ ಅಧಿಕಾರ ಇರುವುದು ಪುರಸಭೆಯಲ್ಲಿ ಮುಖ್ಯಾಧಿಕಾರಿಯವರಲ್ಲಿ, ನಗರಸಭೆಯಲ್ಲಿ ಪೌರಾಯುಕ್ತರಲ್ಲಿ. ಇವರು ಸರ್ಕಾರದಿಂದ ನೇಮಕವಾದವರು. ಇವರಿಬ್ಬರ ನಡುವೆ ಹೊಂದಾಣಿಕೆ ಇಲ್ಲದ ಊರಿನಲ್ಲಿ ಕಡತ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವುದರಲ್ಲೇ ಮಳೆಗಾಲ ಕಳೆಯುತ್ತದೆ.

ಮೊದಲ ಹೆಜ್ಜೆ ಲಿಖಿತ ಅರ್ಜಿ; ಅದನ್ನು ಕಚೇರಿಯಲ್ಲಿ ಸಲ್ಲಿಸಿ ಸಂಖ್ಯೆ ಮತ್ತು ದಿನಾಂಕವಿರುವ ಸ್ವೀಕೃತಿ ಪಡೆಯಬೇಕು. ಬಳಿಕ ಕಿರಿಯ ಅಭಿಯಂತರರು ಸ್ಥಳ ನೋಡಿ ಅಂದಾಜು ಪತ್ರಿಕೆ ತಯಾರಿಸುತ್ತಾರೆ. ಆಮೇಲಿನ ಪ್ರಶ್ನೆ, ಹಣ ಯಾವ ಲೆಕ್ಕಶೀರ್ಷಿಕೆಯಿಂದ? ಇಲ್ಲಿ ಅನೇಕ ಬೇಡಿಕೆಗಳು ನಿಂತುಹೋಗುತ್ತವೆ. 15ನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಇಂಥ ಊರುಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಸಂಸ್ಥೆಯ ಸ್ವಂತ ಆದಾಯದಲ್ಲಿಯೂ ಶೇ. 24.10ನ್ನು ಪರಿಶಿಷ್ಟ ಜಾತಿ, ಪಂಗಡಗಳ ಕಲ್ಯಾಣಕ್ಕೆ, ಶೇ. 7.25ನ್ನು ಇತರೆ ಬಡವರಿಗೆ, ಶೇ. 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ಹೀಗಾಗಿ ಮಂಡಳಿಯು ಸ್ವಇಚ್ಛೆಯಿಂದ ಖರ್ಚು ಮಾಡಬಹುದಾದ ಭಾಗ ಹೊರಗಿನವರು ಊಹಿಸುವುದಕ್ಕಿಂತ ಚಿಕ್ಕದು. ಊರಿನಲ್ಲಿ ಕಾಣುವ ದೊಡ್ಡ ರಸ್ತೆ, ಭವನಗಳಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದ ಆದವೂ ಇವೆ. ಅವುಗಳ ಆಯ್ಕೆಯಲ್ಲಿ ಶಾಸಕರ ಮಾತಿಗೆ ತೂಕ, ಪುರಸಭೆಯ ಠರಾವಿಗಲ್ಲ.

ಹಣದ ದಾರಿ ಗೊತ್ತಾದ ಮೇಲೆ ವಿಷಯವು ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಬರುತ್ತದೆ. ಠರಾವಾದರೆ ಕ್ರಿಯಾ ಯೋಜನೆಗೆ ಸೇರಿ, ಅನುದಾನದ ಕಾಮಗಾರಿಯಾದಲ್ಲಿ ಜಿಲ್ಲಾಧಿಕಾರಿಗಳ ಅನುಮೋದನೆ ಪಡೆದು, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಂದು ಮುಂದುವರಿಯುತ್ತದೆ. ಕಾನೂನಿಗೆ ವಿರುದ್ಧವಾದ ಠರಾವನ್ನು ತಡೆಹಿಡಿಯುವ ಅಧಿಕಾರವೂ ಜಿಲ್ಲಾಧಿಕಾರಿಗಳಿಗಿದೆ. ಪುರಸಭೆಯ ಗುತ್ತಿಗೆಯಲ್ಲಿ ನೇರ ಅಥವಾ ಪರೋಕ್ಷ ಪಾಲು ಹೊಂದಿದವರು ಸದಸ್ಯರಾಗಿರಲು ಅನರ್ಹರು ಎಂಬ ನಿಯಮವನ್ನು, ಸ್ವತಃ ಚುನಾವಣೆಗೆ ನಿಲ್ಲಬಯಸುವ ಸಿಮೆಂಟ್, ಕಬ್ಬಿಣದ ವ್ಯಾಪಾರಿಗಳು ಮರೆಯಬಾರದು.

ತೆರಿಗೆ, ಶುಲ್ಕ, ಬಾಡಿಗೆ

ಆಸ್ತಿ ತೆರಿಗೆಯ ಲೆಕ್ಕವು 2021-22ರಿಂದ ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆಯ ಶೇ. 25ಕ್ಕೆ ಜೋಡಣೆಯಾಗಿದೆ. ಇದರಿಂದ ಮಾರ್ಗಸೂಚಿ ಬೆಲೆ ಏರಿದಾಗ ಹೆದ್ದಾರಿಯಂಚಿನ ಅಂಗಡಿಗಳ ತೆರಿಗೆಯೂ ಏರುತ್ತದೆ. ಆ ಬೆಲೆ ಮಂಡಳಿಯ ಕೈಯಲ್ಲಿಲ್ಲ; ಕಾಯ್ದೆ ಹಾಕಿದ ಮಿತಿಯೊಳಗೆ ದರವೆಷ್ಟು, ವಾರ್ಷಿಕ ಏರಿಕೆಯೆಷ್ಟು ಎಂಬುದು ಮಾತ್ರ ಮಂಡಳಿಯ ಕೈಯಲ್ಲಿದೆ. ಏಪ್ರಿಲ್‌ನಲ್ಲಿ ಪಾವತಿಸಿದರೆ ಶೇ. 5ರ ರಿಯಾಯಿತಿ ಉಂಟು. ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರ ಶೇ. 6 ಮತ್ತು ಭಿಕ್ಷುಕರ ಕರ ಶೇ. 3 ಪುರಸಭೆಯಲ್ಲಿ ಉಳಿಯತಕ್ಕವಲ್ಲ, ಆಯಾ ಪ್ರಾಧಿಕಾರಗಳಿಗೆ ಸಲ್ಲತಕ್ಕವು.

ಉದ್ದಿಮೆ ಪರವಾನಗಿಯ ಶುಲ್ಕವೂ ಮಂಡಳಿಯ ಠರಾವಿಗೆ ಒಳಪಟ್ಟದ್ದು. ಅಂಗಡಿ ನೋಂದಣಿ ಕಾರ್ಮಿಕ ಇಲಾಖೆಯದು, ವೃತ್ತಿ ತೆರಿಗೆ ವಾಣಿಜ್ಯ ತೆರಿಗೆ ಇಲಾಖೆಯದು, ಮಾರುಕಟ್ಟೆ ಪ್ರಾಂಗಣದ ಮಳಿಗೆಗಳ ಹಂಚಿಕೆ ಎಪಿಎಂಸಿಯದು. ಇವುಗಳ ತಕರಾರನ್ನು ವಾರ್ಡಿನ ಸದಸ್ಯರ ಬಳಿ ಒಯ್ಯುವುದು ಕಾಲಹರಣ. ಖಾತೆ ಬದಲಾವಣೆ ಮತ್ತು ಇ-ಖಾತೆ ಅಧಿಕಾರಿಗಳ ಮಟ್ಟದ ಕೆಲಸ. ಅದಕ್ಕೆ ಠರಾವು ಬೇಕಿಲ್ಲ.

ಅತ್ಯಂತ ಹೆಚ್ಚು ಕಲಹಕ್ಕೆ ಕಾರಣವಾಗುವುದು ಪುರಸಭೆಯ ವಾಣಿಜ್ಯ ಮಳಿಗೆಗಳು. ಕರಾರಿನ ಅವಧಿ ಮುಗಿದ ಮಳಿಗೆಗಳನ್ನು ಬಹಿರಂಗ ಹರಾಜಿಗೆ ಇಡುವುದು ನಿಯಮ. ಪರಿಶಿಷ್ಟರಿಗೂ ಅಂಗವಿಕಲರಿಗೂ ಅದರಲ್ಲಿ ಪಾಲಿದೆ. ತಂದೆಯ ಕಾಲದಿಂದ ಅಲ್ಲೇ ಕುಳಿತವರಿಗೆ ಇದು ಅನ್ಯಾಯವೆನಿಸುತ್ತದೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ಹಳೆಯ ಬಾಡಿಗೆಯೇ ಅನ್ಯಾಯವೆನಿಸುತ್ತದೆ. ಇಬ್ಬರೂ ಚೇಂಬರಿನ ಸದಸ್ಯರೇ ಆಗಿರಬಹುದು. ಒಂದು ಮಾತಂತೂ ನಿಜ: ಅವಧಿ ಮುಗಿಯುವ ದಿನ ಕರಾರುಪತ್ರದಲ್ಲೇ ಬರೆದಿರುತ್ತದೆ. ಹರಾಜಿನ ಪ್ರಕಟಣೆ ಬಂದ ಮೇಲೆ ನ್ಯಾಯಾಲಯದ ತಡೆಯಾಜ್ಞೆಗೆ ಓಡುವುದಕ್ಕಿಂತ, ಅವಧಿಗೆ ಒಂದು ವರ್ಷ ಮುಂಚೆಯೇ ಕನಿಷ್ಠ ಬಾಡಿಗೆ, ಠೇವಣಿ, ಮಳಿಗೆ ಬಿಡಲು ಕಾಲಾವಕಾಶ ಇವುಗಳ ಬಗ್ಗೆ ಮಂಡಳಿಗೆ ಸಾಮೂಹಿಕ ಮನವಿ ಸಲ್ಲಿಸುವುದು ಲಾಭಕರ. ಬೀದಿ ವ್ಯಾಪಾರಿಗಳ ವಿಷಯದಲ್ಲಿ 2014ರ ಕೇಂದ್ರ ಕಾಯ್ದೆಯು ಪಟ್ಟಣ ಮಾರಾಟ ಸಮಿತಿ ಇರಬೇಕೆಂದೂ, ಅದರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಬೀದಿ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕೆಂದೂ ಹೇಳುತ್ತದೆ. ಅಂಗಡಿ ಮುಂದಿನ ತಳ್ಳುಗಾಡಿಯ ತಂಟೆಯನ್ನು ಕೇವಲ ತೆರವು ಕಾರ್ಯಾಚರಣೆಯಿಂದ ಬಗೆಹರಿಸಲು ಕಾನೂನಿನಲ್ಲಿ ಈಗ ಎಡೆಯಿಲ್ಲ.

ತಿಂಗಳುಗಳ ಲೆಕ್ಕ

ಮುಂಗಡಪತ್ರವನ್ನು 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಮುಂಗಡಪತ್ರ ನಿಯಮಗಳ ಪ್ರಕಾರ ತಯಾರಿಸಲಾಗುತ್ತದೆ. ಅದಕ್ಕೆ ಮೊದಲು ಸಾರ್ವಜನಿಕರೊಡನೆ ಪೂರ್ವಭಾವಿ ಸಭೆ ನಡೆಸುವ ಪದ್ಧತಿಯಿದೆ. ಈ ಸಭೆಗಳಿಗೆ ಬರುವವರು ಬಹಳ ಕಡಿಮೆ. ವಿಚಾರಿಸಿದರೆ ಸುದ್ದಿಯೇ ಗೊತ್ತಾಗಲಿಲ್ಲ ಎನ್ನುವವರೇ ಹೆಚ್ಚು. ಜನವರಿಯಲ್ಲಿ ಕೇಳಿದ ಬೇಡಿಕೆ ಮಾರ್ಚ್‌ನ ಮುಂಗಡಪತ್ರದಲ್ಲಿ ಸೇರಬಹುದು. ಜೂನ್‌ನಲ್ಲಿ, ನೀರು ಅಂಗಡಿಗೆ ನುಗ್ಗಿದ ಮೇಲೆ ಕೇಳಿದ್ದು ಮುಂದಿನ ವರ್ಷದ ಪಾಲು.

ಸಾಮಾನ್ಯ ಸಭೆಯನ್ನು ತಿಂಗಳಿಗೊಮ್ಮೆ ಕರೆಯಬೇಕು; ಸದಸ್ಯರಿಗೆ ಕಾರ್ಯಸೂಚಿಯೊಡನೆ 7 ದಿನ ಮುಂಚಿತವಾಗಿ ನೋಟಿಸು ತಲುಪಬೇಕು. ಆ 7 ದಿನಗಳೇ ವರ್ತಕ ಸಂಘಕ್ಕೆ ಇರುವ ಅವಕಾಶ. ಶುಲ್ಕ ಏರಿಕೆಯಂಥ ವಿಷಯ ಕಾರ್ಯಸೂಚಿಯಲ್ಲಿದ್ದರೆ, ಪಕ್ಷಭೇದವಿಲ್ಲದೆ ಎಲ್ಲ ಸದಸ್ಯರಿಗೂ ಒಂದೇ ಪುಟದ ಲಿಖಿತ ಆಕ್ಷೇಪಣೆಯನ್ನು ತಲುಪಿಸಿ ಅದನ್ನು ನಡಾವಳಿಯಲ್ಲಿ ದಾಖಲಿಸುವಂತೆ ಕೋರಬಹುದು. ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ಪುಟಕ್ಕೆ 2 ರೂಪಾಯಿಯಂತೆ ಪಡೆಯಬಹುದು. ಆದರೆ ಆ ಕಾಯ್ದೆಯಡಿ ಉತ್ತರ ನೀಡಲು ಕಚೇರಿಗೆ 30 ದಿನಗಳ ಕಾಲಾವಕಾಶವಿದೆ. ಆದ್ದರಿಂದ ಕಾರ್ಯಸೂಚಿಯನ್ನು ಅರ್ಜಿ ಹಾಕಿ ಪಡೆಯುವ ಬದಲು, ಸಂಘದ ಒಬ್ಬ ಪದಾಧಿಕಾರಿಯು ಪ್ರತಿ ತಿಂಗಳೂ ತಮ್ಮ ವಾರ್ಡಿನ ಸದಸ್ಯರಿಂದಲೇ ಅದರ ಪ್ರತಿಯನ್ನು ಕೇಳಿ ಪಡೆದುಕೊಳ್ಳುವುದು ಸೂಕ್ತ.