ಐದು ಅಂಕಿಗಳ ಬೆಲೆ

ಒಂದೇ ಕಾರ್ಖಾನೆಯಲ್ಲಿ ತಯಾರಾದ, ಒಂದೇ ನಮೂನೆಯ ಎರಡು ಹಳೇ ಕೋವಿಗಳಲ್ಲಿ ಒಂದರ ಬೆಲೆ ಇನ್ನೊಂದರ ಹಲವು ಪಟ್ಟು ಇರಬಲ್ಲದು. ಸ್ಪ್ರಿಂಗ್‌ಫೀಲ್ಡ್ 1873 ಅಶ್ವದಳದ ಕಾರ್ಬೈನ್ ಕೊಳ್ಳಲು ಹೋದವರು ಮೊದಲು ನೋಡುವುದು ಕ್ರಮಸಂಖ್ಯೆಯನ್ನು. ಅದು ಸುಮಾರು 43,700ಕ್ಕಿಂತ ಕಡಿಮೆಯಿದ್ದರೆ, ಆ ಕೋವಿ ಲಿಟಲ್ ಬಿಗ್‌ಹಾರ್ನ್ ಕಾಳಗಕ್ಕೆ ಮೊದಲೇ ತಯಾರಾದದ್ದೆಂದು ಸಂಗ್ರಾಹಕರ ಲೆಕ್ಕ. 1876ರ ಜೂನ್ 25ರಂದು ಮೊಂಟಾನಾದಲ್ಲಿ ಲಕೋಟಾ, ಷೆಯೆನ್ ಬುಡಕಟ್ಟುಗಳ ಯೋಧರ ಎದುರು ಅಮೆರಿಕದ ಅಶ್ವದಳದ ಅಧಿಕಾರಿ ಜಾರ್ಜ್ ಕಸ್ಟರ್ ಸತ್ತದ್ದು ಆ ಕಾಳಗದಲ್ಲೇ.

ಹಳೇ ಕೋವಿಗಳ ಸಂಗ್ರಹ ಅಮೆರಿಕಕ್ಕೆ ಬಂದು ನೆಲೆಸಿದ ಮೇಲೆ ನನಗೆ ಹತ್ತಿದ ಹವ್ಯಾಸ. ಇಷ್ಟು ವರ್ಷಗಳಲ್ಲಿ ನಾನು ಬಿಗಿಯಾಗಿ ಹಿಡಿದುಕೊಂಡಿರುವ ನಿಯಮವೊಂದೇ: ಹಣ ಕೊಡುವುದಾದರೆ ಪುರಾವೆಗೆ ಕೊಡಬೇಕು. 1983ರಲ್ಲಿ ಲಿಟಲ್ ಬಿಗ್‌ಹಾರ್ನ್ ರಣಭೂಮಿಯ ಹುಲ್ಲಿಗೆ ಬೆಂಕಿ ಬಿತ್ತು. ಮರುವರ್ಷ ಪುರಾತತ್ವಜ್ಞರು ಅಲ್ಲಿ ಸಿಕ್ಕ ತೋಟಾಗಳ ಖಾಲಿ ಕವಚಗಳ ಮೇಲಿನ ಗುರುತುಗಳನ್ನು ಪರೀಕ್ಷಿಸತೊಡಗಿದರು. ಈಗ ಉಳಿದಿರುವ ಕೋವಿಗಳಲ್ಲಿ ಆ ಗುರುತುಗಳಿಗೆ ಹೊಂದಿಕೆಯಾದವು ಬೆರಳೆಣಿಕೆಯಷ್ಟು. ಉಳಿದವು ಆ ಕಾಲದವು, ಅಷ್ಟೇ. ಮಾರುವವರು ಕಥೆ ಹೇಳುತ್ತಲೇ ಇರುತ್ತಾರೆ; ಕಾಗದವಿಲ್ಲದ ಕಥೆಗೆ ನಾನು ಒಂದು ಡಾಲರೂ ಹೆಚ್ಚು ಕೊಡುವುದಿಲ್ಲ.

ಬೆಲೆ ಏರಿದಂತೆ ನಕಲಿಯೂ ಬಂದಿದೆ. ಕಾಲಾಳುಗಳ ರೈಫಲ್‌ನ ನಳಿಗೆ 32 ಇಂಚು ದಾಟುತ್ತದೆ, ಕಾರ್ಬೈನ್‌ನದು 22. ಉದ್ದದ್ದನ್ನು ಕತ್ತರಿಸಿ ಗಿಡ್ಡ ಮಾಡಿದರೆ ಲಾಭ ಬಹಳ. ಹಾಗಾಗಿ ನಾನು ಕೋವಿಯನ್ನು ಮಗುಚಿ, ನಳಿಗೆಯ ಕೆಳಗಿನ ಮರವನ್ನು ದೀಪದ ಬೆಳಕಿನಲ್ಲಿ ನೋಡುತ್ತೇನೆ. ರೈಫಲ್‌ಗೆ ಅಲ್ಲಿ ಶುಚಿಗೊಳಿಸುವ ಸರಳು ಕೂರುವ ಕಾಲುವೆಯಿರುತ್ತದೆ, ಕಾರ್ಬೈನ್‌ಗೆ ಇರುವುದಿಲ್ಲ. ಕಾಲುವೆ ಮುಚ್ಚಿದ ತೇಪೆ ಕಂಡರೆ ಮಾತು ಮುಗಿಯಿತು. ಹಿಂಬದಿಯ ಲೋಹದ ಪಟ್ಟಿಯನ್ನೂ ನೋಡಬೇಕು. ಶುಚಿಗೊಳಿಸುವ ಸರಳನ್ನಿಡಲು ಅಲ್ಲಿ ಮುಚ್ಚಳ ಬಂದದ್ದು ಕಾಳಗದ ನಂತರ. ಕಡಿಮೆ ಸಂಖ್ಯೆಯ ಕೋವಿಗೆ ಆ ಮುಚ್ಚಳವಿದ್ದರೆ ಬಿಡಿಭಾಗ ಬದಲಾಗಿದೆ ಎಂದೇ ಅರ್ಥ. ಉಜ್ಜಿ ಫಳಫಳ ಮಾಡಿದ ಲೋಹ ನನಗೆ ಬೇಡ. ನೂರೈವತ್ತು ವರ್ಷದ ಕಂದುಬಣ್ಣ ಒಮ್ಮೆ ಹೋದರೆ ಬೆಲೆಯೂ ಹೋಯಿತು.

ಕೊಳ್ಳುವ ಮೊದಲು ಕಾನೂನನ್ನೂ ನೋಡಬೇಕು. 1898 ಅಥವಾ ಅದಕ್ಕೂ ಮೊದಲು ತಯಾರಾದ ಕೋವಿಯನ್ನು ಇಲ್ಲಿನ ಕೇಂದ್ರ ಕಾನೂನು ಪುರಾತನವೆಂದು ಪರಿಗಣಿಸುತ್ತದೆ; ರಾಜ್ಯಗಳ ನಿಯಮ ಬೇರೆ ಇರಬಹುದು.

ಇನ್ನು ಲೆಕ್ಕ. ಹರಾಜಿನಲ್ಲಿ 5,000 ಡಾಲರಿಗೆ ಕೂಗಿದಿರಿ ಎನ್ನಿ. ಖರೀದಿದಾರನ ಕಮಿಷನ್ ಶೇ 20 ಇದ್ದರೆ ಕೈಯಿಂದ ಹೋಗುವುದು 6,000. ಅಂದರೆ ಬೆಲೆ ಶೇ 20ರಷ್ಟು ಏರಿದರೂ ನಿಮ್ಮ ಅಸಲು ಮಾತ್ರ ವಾಪಸು, ಅದೂ ಮಾರಾಟದ ಕಮಿಷನ್ ಬಿಟ್ಟು. ವರ್ಷ ದಾಟಿ ಮಾರಿದ ಲಾಭಕ್ಕೆ ಷೇರುಗಳಿಗೆ ಗರಿಷ್ಠ ಶೇ 20 ತೆರಿಗೆಯಾದರೆ, ಸಂಗ್ರಹದ ವಸ್ತುಗಳಿಗೆ ಶೇ 28ರವರೆಗೆ ಹೋಗುತ್ತದೆ. ಮನೆ ವಿಮೆಯಲ್ಲೂ ಕೋವಿ ಕಳವಿಗೆ ಸಾಮಾನ್ಯವಾಗಿ ಪ್ರತ್ಯೇಕ, ಸಣ್ಣ ಮಿತಿಯಿರುತ್ತದೆ. ನಾನು ಬೇರೆ ಪಾಲಿಸಿಯನ್ನೇ ಮಾಡಿಸಿದ್ದೇನೆ.

ಆದ್ದರಿಂದ ನಿವೃತ್ತಿಯ ಹಣವನ್ನು ಇದಕ್ಕೆ ಮುಟ್ಟುವುದಿಲ್ಲ. ಮೂರು ಅನುಮಾನದ ಕೋವಿಗಳಿಗೆ ಆಗುವ ದುಡ್ಡನ್ನು ಕೂಡಿಟ್ಟು ಒಂದು ಅಪ್ಪಟವಾದದ್ದನ್ನು ಕೊಳ್ಳುತ್ತೇನೆ. ಪ್ರತಿಯೊಂದಕ್ಕೂ ಒಂದು ಕಡತವಿದೆ: ರಸೀದಿ, ಫೋಟೊ, ಮೌಲ್ಯಮಾಪಕರ ಪತ್ರ. ನನ್ನ ನಂತರ ಮಗಳು ಮಾರಿದರೆ, ನಾನು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಯೇ ಅವಳ ಖರೀದಿ ಬೆಲೆಯೆಂದು ತೆರಿಗೆ ಲೆಕ್ಕಕ್ಕೆ ಬರುತ್ತದೆ. ಆ ಕಡತ ಎಲ್ಲಿದೆಯೆಂದು ಅವಳಿಗೆ ಈಗಾಗಲೇ ತೋರಿಸಿದ್ದೇನೆ.