ತರಬೇತಿ ಕೆಲಸಕ್ಕೆ ಹೊರಟ ಮಕ್ಕಳಿಗೆ ಒಂದಿಷ್ಟು ಕಿವಿಮಾತು

ಎಂಎಸ್‌ಡಬ್ಲ್ಯೂ, ಎಂಬಿಎ ಓದುವ ಮಕ್ಕಳು ‘ಕಂಪನಿಗಳಲ್ಲಿ ತರಬೇತಿ ಕೊಡುವ ಕೆಲಸಕ್ಕೆ ಹೋಗಬೇಕು’ ಅಂದರೆ ನನಗೆ ಖುಷಿಯಾಗುತ್ತದೆ. ಆದರೆ ಎರಡು ವರ್ಷ ನೋಡನೋಡುತ್ತಲೇ ಮುಗಿದುಹೋಗುತ್ತದೆ. ಅಷ್ಟರೊಳಗೆ ಇವಿಷ್ಟು ಮಾಡಿಕೊಳ್ಳಿ.

• ಮೊದಲು ಯಾರಿಗಾದರೂ ಏನಾದರೂ ಕಲಿಸಿ ನೋಡಿ. ಹಾಸ್ಟೆಲ್‌ನ ಜೂನಿಯರ್‌ಗಳಿಗೆ ಎಕ್ಸೆಲ್, ಪಕ್ಕದ ಬೀದಿಯ ಸ್ವಸಹಾಯ ಸಂಘದವರಿಗೆ ಯುಪಿಐ, ಯಾವುದಾದರೂ ಸರಿ. ಈ ಕೆಲಸ ನಿಮಗೆ ಒಗ್ಗುತ್ತದೋ ಇಲ್ಲವೋ ಅನ್ನುವುದು ತರಬೇತಿಯ ಕೋರ್ಸಿಗೆ ದುಡ್ಡು ಕಟ್ಟುವ ಮೊದಲೇ ಗೊತ್ತಾಗಲಿ.

• ಫೀಲ್ಡ್‌ವರ್ಕ್ ದಿನ ಎಚ್‌ಆರ್ ಕೋಣೆಯಲ್ಲಿ ಕೂತು ಸಹಿ ಹಾಕಿಸಿಕೊಂಡು ಬಂದುಬಿಡಬೇಡಿ. ಪೀಣ್ಯವೋ ಬೊಮ್ಮಸಂದ್ರವೋ, ಹೋದ ಕಡೆ ಸೂಪರ್‌ವೈಸರನ್ನು ಕೇಳಿ ಯಂತ್ರದ ಹತ್ತಿರ ನಿಂತು ನೋಡಿ. ಹೊಸಬರು ಎಲ್ಲಿ ತಡವರಿಸುತ್ತಾರೆ, ಹಳಬರು ಅವರಿಗೆ ಯಾವ ಮಾತಿನಲ್ಲಿ ಹೇಳಿಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ‘ಇವರಿಗೆ ತರಬೇತಿ ಸಾಲದು’ ಎಂದು ಮ್ಯಾನೇಜರ್ ಹೇಳಿರುತ್ತಾರೆ. ಹೋಗಿ ನೋಡಿದರೆ ಅಳತೆಯ ಗೇಜು ಸವೆದಿರುತ್ತದೆ, ಇಲ್ಲವೇ ಆ ಮೂಲೆಯಲ್ಲಿ ಬೆಳಕೇ ಇರುವುದಿಲ್ಲ. ಅಂಥ ಕಡೆ ಎಷ್ಟು ಕ್ಲಾಸು ತೆಗೆದುಕೊಂಡರೂ ಪ್ರಯೋಜನವಿಲ್ಲ. ಕಲಿಸಬೇಕಾದದ್ದು ಯಾವುದು, ರಿಪೇರಿ ಮಾಡಿಸಬೇಕಾದದ್ದು ಯಾವುದು ಎಂದು ಬೇರೆ ಮಾಡಿ ಹೇಳಬಲ್ಲವರಿಗೆ ಈ ಕ್ಷೇತ್ರದಲ್ಲಿ ಬೆಲೆ.

• ಕನ್ನಡದಲ್ಲಿ ಕಲಿಸುವುದನ್ನು ರೂಢಿ ಮಾಡಿಕೊಳ್ಳಿ. ಸುರಕ್ಷತೆಯ ಪಾಠ ಅರ್ಥವಾಗದೇ ಹೋದರೆ ಬೆರಳೇ ಹೋಗುತ್ತದೆ, ಇಂಗ್ಲಿಷ್ ಸ್ಲೈಡು ಯಾರನ್ನೂ ಕಾಪಾಡುವುದಿಲ್ಲ. ಹೊರರಾಜ್ಯದಿಂದ ಬಂದವರೂ ಲೈನಿನಲ್ಲಿ ಇರುತ್ತಾರೆ, ಒಂದಿಷ್ಟು ಹಿಂದಿಯೂ ಇರಲಿ.

• ಎರಡು ಕಾಯ್ದೆಗಳನ್ನು ಓದಿಕೊಳ್ಳಿ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಸಿಬ್ಬಂದಿಗೆ ಆಗಾಗ ಅರಿವಿನ ಕಾರ್ಯಕ್ರಮ ನಡೆಸಲೇಬೇಕು. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಬಜೆಟ್ ಕಡಿತವಾದಾಗ ಬೇರೆ ತರಬೇತಿ ಮೊದಲು ನಿಲ್ಲುತ್ತದೆ, ಇವನ್ನು ನಿಲ್ಲಿಸುವ ಹಾಗಿಲ್ಲ.

• ಸರ್ಟಿಫಿಕೇಟುಗಳಿಗೆ ದುಡ್ಡು ಸುರಿಯಬೇಡಿ. ಸ್ವಯಂ ಪೋರ್ಟಲ್‌ನಲ್ಲಿ ಪಾಠ ಉಚಿತ, ಪರೀಕ್ಷೆ ಬೇಕೆಂದರೆ ಮಾತ್ರ ಶುಲ್ಕ. 1970ರಲ್ಲಿ ಶುರುವಾದ ಇಂಡಿಯನ್ ಸೊಸೈಟಿ ಫಾರ್ ಟ್ರೈನಿಂಗ್ ಅಂಡ್ ಡೆವಲಪ್‌ಮೆಂಟ್ ತರಬೇತಿಯದೇ ಡಿಪ್ಲೊಮಾ ನಡೆಸುತ್ತದೆ. ಅದನ್ನು ಸಂಬಳ ಬರಲು ಶುರುವಾದ ಮೇಲೆ ಮಾಡಿದರೂ ನಡೆಯುತ್ತದೆ. ಬೆಂಗಳೂರಿನಲ್ಲಿ ಅದರ ಶಾಖೆಯಿದೆ. ಸಭೆ ಇದ್ದಾಗ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳಿ, ಹಿರಿಯರ ಪರಿಚಯವಾಗುತ್ತದೆ.

• ದೊಡ್ಡ ಐಟಿ ಕಂಪನಿಯೇ ಬೇಕೆಂದು ಕಾಯುತ್ತಾ ಕೂರಬೇಡಿ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ, ಅಲ್ಲೇ ಇರುವ ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ, ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ), ಬಿಡದಿಯ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ, ಇವೆಲ್ಲ ಕಲಿಸುವುದನ್ನೇ ಕಸುಬು ಮಾಡಿಕೊಂಡ ಜಾಗಗಳು. ಇಂಟರ್ನ್‌ಶಿಪ್ ಇದೆಯೇ ಎಂದು ವಿಚಾರಿಸಿ. ಕೇಳುವುದಕ್ಕೆ ಖರ್ಚಿಲ್ಲ.

• ‘ತರಬೇತಿ ಇಷ್ಟವಾಯಿತೇ’ ಎಂಬ ಫಾರ್ಮ್ ಹಂಚಿ, ಪೈ ಚಾರ್ಟ್ ಹಾಕಿ ಪ್ರಾಜೆಕ್ಟ್ ಮುಗಿಸಬೇಡಿ. ಊಟ ಚೆನ್ನಾಗಿದ್ದರೂ ಆ ಫಾರ್ಮಿನಲ್ಲಿ ಐದಕ್ಕೆ ಐದು ಬರುತ್ತದೆ. ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಸಂಸ್ಥೆಗೆ ಅನುಕೂಲವಾಯಿತೇ, ಹೀಗೆ ನಾಲ್ಕನ್ನೂ ನೋಡಬೇಕೆಂದು ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದಿದ್ದಾರೆ. ಹೆಚ್ಚಿನವರು ಮೊದಲನೆಯದರಲ್ಲೇ ನಿಂತುಬಿಡುತ್ತಾರೆ. ನೀವು ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ, ಮೊದಲು ದಿನಕ್ಕೆ ಎಷ್ಟು ಪೀಸು ರಿಜೆಕ್ಟ್ ಆಗುತ್ತಿತ್ತು, ಈಗ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಇಂಟರ್‌ವ್ಯೂನಲ್ಲಿ ಆ ಒಂದು ಪುಟವನ್ನು ಮುಂದಿಡಿ, ಮಾತು ತಾನಾಗಿ ಅದರ ಸುತ್ತಲೇ ನಡೆಯುತ್ತದೆ.

• ಪಿಪಿಟಿಯನ್ನು ಪೆನ್‌ಡ್ರೈವ್‌ನಲ್ಲೂ ಇಡಿ, ಮೇಲ್‌ನಲ್ಲೂ ಇಡಿ. ಕರೆಂಟು ಹೋದರೂ ಪಾಠ ನಡೆಯುವಂತೆ ಎರಡು ಚಾರ್ಟ್ ಬರೆದುಕೊಂಡು ಹೋಗಿ. ಮಾರ್ಕರ್ ಮುಚ್ಚಳ ಹಾಕಿ, ಒಣಗಿದರೆ ಮತ್ತೆ ಕೊಳ್ಳಬೇಕು. ಮಧ್ಯಾಹ್ನ ಊಟವಾದ ಮೇಲೆ ಭಾಷಣ ಬೇಡ, ಕೈಗೆ ಕೆಲಸ ಕೊಡಿ, ನಿದ್ದೆ ಹತ್ತುವುದಿಲ್ಲ.

• ಸರ್ಟಿಫಿಕೇಟಿನಲ್ಲಿ ಹೆಸರಿನ ಅಕ್ಷರ ತಪ್ಪಬಾರದು. ಪ್ರಿಂಟಿಗೆ ಕೊಡುವ ಮೊದಲು ಪ್ರತಿಯೊಬ್ಬರಿಗೂ ತೋರಿಸಿ ಕೇಳಿ. ಜೀವನದಲ್ಲಿ ಅದೊಂದೇ ಸರ್ಟಿಫಿಕೇಟು ಪಡೆದವರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ.

• ಮೊದಲ ಕೆಲಸದಲ್ಲಿ ಹಾಲ್ ಬುಕ್ ಮಾಡುವುದು, ಹಾಜರಿ ಹಾಕಿಸುವುದು, ಟೀ ಹೇಳುವುದೇ ಪಾಲಿಗೆ ಬಂದರೆ ಬೇಸರ ಪಡಬೇಡಿ. ಆಡಿಟ್‌ನವರು ಬಂದಾಗ ಕೇಳುವುದು ಆ ಹಾಜರಿ ಪಟ್ಟಿಯನ್ನೇ. ಟೀ ಹೇಳಿ ಬಂದವರು ಹಿಂದೆ ಕೂತು ಹಿರಿಯ ಟ್ರೈನರ್ ಹೇಗೆ ಪ್ರಶ್ನೆ ಕೇಳುತ್ತಾರೆ ನೋಡಿ. ಇದಕ್ಕಿಂತ ಒಳ್ಳೆಯ ಪಾಠ ಫೀಸು ಕಟ್ಟಿದರೂ ಸಿಗುವುದಿಲ್ಲ.

• ಈ ವಾರವೇ ಒಂದು ಫ್ಯಾಕ್ಟರಿಗೆ ಅನುಮತಿ ಕೇಳಿ ಪತ್ರ ಬರೆಯಿರಿ. ವಿಭಾಗದ ಮುಖ್ಯಸ್ಥರ ಸಹಿಯ ಜೊತೆ ಸೀಲನ್ನೂ ಹಾಕಿಸಿಕೊಳ್ಳಿ. ಸೀಲಿಲ್ಲದ ಪತ್ರ ತಂದವರನ್ನು ಗೇಟಿನಲ್ಲಿ ಸೆಕ್ಯುರಿಟಿಯವರು ಒಳಗೆ ಬಿಡುವುದಿಲ್ಲ.